ನಮ್ಮ ಹಾಡಿಯ ಹೆಂಗಸರ ಬಗ್ಗೆ ನಾನೇ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ಮೇಡಂ, ನಾನು ಹುಣಸೂರು ತಾಲ್ಲೂಕಿನ ಒಂದು ಹಾಡಿಯವಳು. ನಾವು ಜೇನುಕುರುಬರು. ಮೈಸೂರಿನಲ್ಲಿ ಸಮಾಜಶಾಸ್ತ್ರ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಹಾಡಿಯಲ್ಲಿ ಇಷ್ಟು ಓದಿದ ಹುಡುಗಿ ನಾನೇ ಮೊದಲು. ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ಎರಡೂ ಸೇರುವ ವಿಷಯದಲ್ಲಿ ಪಿಎಚ್.ಡಿ. ಮಾಡಿ ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ. ಅವ್ವ ಮಾತ್ರ ಬಿ.ಎಡ್. ಮಾಡು, ಬೇಗ ಕೆಲಸ ಸಿಗುತ್ತೆ ಅಂತಾಳೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತಾ? ನಮ್ಮವರ ಬಗ್ಗೆ ನಾನೇ ಬರೆದರೆ ಅದನ್ನು ಸಂಶೋಧನೆ ಅಂತ ಒಪ್ಪುತ್ತಾರಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಜೀವನವಿಡೀ 'ಟ್ರೈಬಲ್ ಹುಡುಗಿ' ಅನ್ನಿಸಿಕೊಂಡೇ ಇರಬೇಕಾ?

ಉತ್ತರ: ನಿಮ್ಮ ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ. ಕೂಲಿ ಇದ್ದ ದಿನ ಮಾತ್ರ ಒಲೆ ಹಚ್ಚಿದ ಮನೆಯಲ್ಲಿ 'ಬೇಗ ಕೆಲಸ' ಅನ್ನುವುದು ಸಣ್ಣ ಮಾತಲ್ಲ. ಪಿಎಚ್.ಡಿ.ಗೆ ಕಡಿಮೆ ಅಂದರೂ 3 ವರ್ಷ ಬೇಕು. ಬಹಳ ಮಂದಿಗೆ 5 ವರ್ಷ ಹಿಡಿಯುತ್ತದೆ. ಹಾಗಾಗಿ ದುಡ್ಡಿನ ಲೆಕ್ಕ ಮೊದಲು, ಆಸೆಯ ಮಾತು ಆಮೇಲೆ.

ಮೊದಲ ಸಂಗತಿ. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ ಮಹಿಳಾ ಅಧ್ಯಯನದ ಹುದ್ದೆ, ಬುಡಕಟ್ಟು ಅಧ್ಯಯನದ ಹುದ್ದೆ ಅಂತ ಇರುವುದು ತೀರಾ ಅಪರೂಪ. ಹುದ್ದೆ ಕರೆಯುವುದು ಸಮಾಜಶಾಸ್ತ್ರಕ್ಕೆ, ಇತಿಹಾಸಕ್ಕೆ, ಕನ್ನಡಕ್ಕೆ, ರಾಜ್ಯಶಾಸ್ತ್ರಕ್ಕೆ. ನಿಮ್ಮ ಎಂ.ಎ. ಸಮಾಜಶಾಸ್ತ್ರದಲ್ಲಿ ಆಗುತ್ತಿದೆ, ಅದು ನಿಮ್ಮ ಪುಣ್ಯ. ಅದನ್ನು ಬಿಡಬೇಡಿ. ಪಿಎಚ್.ಡಿ.ಯನ್ನೂ ಸಮಾಜಶಾಸ್ತ್ರದಲ್ಲೇ ನೋಂದಾಯಿಸಿ, ವಿಷಯ ಮಾತ್ರ ನಿಮಗೆ ಬೇಕಾದ್ದು ಇಟ್ಟುಕೊಳ್ಳಬಹುದು. ಮಹಿಳಾ ಅಧ್ಯಯನದಲ್ಲೇ ಎಂ.ಎ. ಮಾಡಿದ ನನ್ನ ಎಷ್ಟೋ ವಿದ್ಯಾರ್ಥಿನಿಯರು ಅರ್ಜಿಯ 'ಸಂಬಂಧಪಟ್ಟ ವಿಷಯ' ಅನ್ನುವ ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದು ಒದ್ದಾಡಿದ್ದನ್ನು ನೋಡಿದ್ದೇನೆ. ಅವರಲ್ಲಿ ಜಾಣೆಯರಿಗೇನೂ ಕೊರತೆ ಇರಲಿಲ್ಲ.

ಎರಡನೆಯದು ಪರೀಕ್ಷೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಪಾಸಾಗಿರುವುದೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯವಲ್ಲ. ಕರ್ನಾಟಕದ ಸೆಟ್, ಅಂದರೆ ಕೆಸೆಟ್ ಅನ್ನು ಕನ್ನಡದಲ್ಲೇ ಬರೆಯಬಹುದು. ಇದು ನಿಮಗೆ ದೊಡ್ಡ ಅನುಕೂಲ. ನೆಟ್‌ನ ಪ್ರಶ್ನೆಪತ್ರಿಕೆ ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೂ ನೆಟ್ ಬರೆಯಿರಿ, ಯಾಕೆಂದರೆ ಅದರ ಮೂಲಕ ಕೊಡುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದಲ್ಲದೆ ಪರಿಶಿಷ್ಟ ಪಂಗಡದವರಿಗೇ ಅಂತ ಕೇಂದ್ರ ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್ ಇದೆ, ವರ್ಷಕ್ಕೆ 750 ಮಂದಿಗೆ. ಹೊರದೇಶದ ಓದಿಗೆ ಅದೇ ಸಚಿವಾಲಯದ ವಿದ್ಯಾರ್ಥಿವೇತನ ವರ್ಷಕ್ಕೆ 20 ಮಂದಿಗಷ್ಟೆ. ಅದರಲ್ಲಿ 3 ಸ್ಥಾನ ಸರ್ಕಾರ 'ವಿಶೇಷವಾಗಿ ದುರ್ಬಲ' ಅಂತ ಗುರುತಿಸಿದ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿ ಇರುವುದು ಎರಡೇ ಸಮುದಾಯ: ಕೊರಗರು ಮತ್ತು ನಿಮ್ಮ ಜೇನುಕುರುಬರು. ಈ ಮಾತು ನಿಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ ಅಂತ ನನ್ನ ಊಹೆ.

ಒಂದು ಎಚ್ಚರಿಕೆ. ಫೆಲೋಶಿಪ್ ಮಂಜೂರಾಯಿತು ಅಂದರೆ ತಿಂಗಳು ತಿಂಗಳು ಕೈಗೆ ಬರುತ್ತದೆ ಅಂತಲ್ಲ. ಒಮ್ಮೊಮ್ಮೆ ಆರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅಲ್ಲಿವರೆಗೆ ಹಾಸ್ಟೆಲ್ ಊಟದ ಬಿಲ್ಲು ಕಟ್ಟುವುದು ಹೇಗೆ ಅಂತ ಮೊದಲೇ ಯೋಚಿಸಿಡಿ. ಸಾಲ ಮಾಡಬೇಡಿ, ವಾರಕ್ಕೆ ಕೆಲವು ಗಂಟೆ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಬಹುದಾ ಅಂತ ನಿಮ್ಮ ವಿಭಾಗದಲ್ಲಿ ಕೇಳಿ. ಕೆಲವು ಫೆಲೋಶಿಪ್‌ಗಳ ಷರತ್ತಿನಲ್ಲಿ ಬೇರೆ ಸಂಬಳ ಪಡೆಯುವಂತಿಲ್ಲ, ಆ ಕಾಗದವನ್ನು ಪೂರ್ತಿ ಓದಿಯೇ ಸಹಿ ಹಾಕಿ. ಇನ್ನೊಂದು, ಹೆಂಗಸರಿಗೆ ಪಿಎಚ್.ಡಿ. ಮುಗಿಸಲು 2 ವರ್ಷ ಹೆಚ್ಚುವರಿ ಅವಧಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲೇ ಬರೆದಿದೆ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಎಷ್ಟೋ ಕಡೆ ಯಾರೂ ಹೇಳುವುದೇ ಇಲ್ಲ.

ಎಲ್ಲಿ ಮಾಡಬೇಕು? ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೂ ಇದೆ, ಮಹಿಳಾ ಅಧ್ಯಯನ ವಿಭಾಗವೂ ಇದೆ, ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ಹೊರಗೆ ಹೋಗುವ ಧೈರ್ಯ ಇದ್ದರೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಅಮರಕಂಟಕದ ಇಂದಿರಾ ಗಾಂಧಿ ಬುಡಕಟ್ಟು ವಿಶ್ವವಿದ್ಯಾಲಯ. ಕಾಲೇಜಿನ ಪಾಠ ಬಿಟ್ಟರೂ ಈ ಓದಿಗೆ ಕೆಲಸ ಇದೆ. ಮೈಸೂರಿನಲ್ಲೇ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ, ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರ, ಭಾರತೀಯ ಭಾಷಾ ಸಂಸ್ಥಾನ ಮೂರೂ ಇವೆ. ನಿಮ್ಮ ಹಾಸ್ಟೆಲ್‌ನಿಂದ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಒಂದು ಶನಿವಾರ ಹೋಗಿ ಅವುಗಳ ಗ್ರಂಥಾಲಯದಲ್ಲಿ ಜೇನುಕುರುಬರ ಬಗ್ಗೆ ಏನೇನಿದೆ ಅಂತ ನೋಡಿ ಬನ್ನಿ. ಯಾರು ಬರೆದದ್ದು, ಯಾರನ್ನು ಕೇಳಿ ಬರೆದದ್ದು, ಅದನ್ನೂ ಗಮನಿಸಿ.

ಹೊಟ್ಟೆಪಾಡಿನ ಮಾತು ಇಷ್ಟು. ಸುಲಭ ಅನ್ನಲಾರೆ. ಆದರೆ ಸಮಾಜಶಾಸ್ತ್ರದ ಒಂದು ಕಾಲು ಗಟ್ಟಿಯಾಗಿ ಊರಿಕೊಂಡರೆ ಇನ್ನೊಂದು ಕಾಲನ್ನು ಧೈರ್ಯವಾಗಿ ಮುಂದಿಡಬಹುದು.

ಈಗ ನಿಮ್ಮ ನಿಜವಾದ ಪ್ರಶ್ನೆ. ನಮ್ಮವರ ಬಗ್ಗೆ ನಾನೇ ಬರೆದರೆ ಒಪ್ಪುತ್ತಾರಾ?

ಇದಕ್ಕೆ ನನ್ನದೇ ಒಂದು ತಪ್ಪಿನಿಂದ ಉತ್ತರ ಹೇಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆ ಅಂತ ಕಾಡಂಚಿನ ಹಾಡಿಗಳಿಗೆ ಹೋಗುತ್ತಿದ್ದೆ. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿ. ಅದರಲ್ಲಿ 'ಉದ್ಯೋಗ' ಅಂತ ಒಂದು ಕಾಲಂ. ಒಬ್ಬಾಕೆಯನ್ನು ಕೇಳಿದೆ, ಏನು ಕೆಲಸ ಮಾಡ್ತೀರಮ್ಮ ಅಂತ. 'ನಾನೇನ್ ಮಾಡ್ತೀನಿ, ಸುಮ್ನೆ ಮನೇಲಿರ್ತೀನಿ' ಅಂದರು. ನಾನು 'ಇಲ್ಲ' ಅಂತ ಬರೆದುಕೊಂಡೆ. ಆಕೆಯ ಮುಂದೆ ಮೊರದ ತುಂಬ ಅಂಟುವಾಳ ಇತ್ತು. ಮಾತಾಡುತ್ತಲೇ ಬೀಜ ಬೇರೆ, ಸಿಪ್ಪೆ ಬೇರೆ ಮಾಡುತ್ತಿದ್ದರು. ಬೆನ್ನಿಗೆ ಕಟ್ಟಿದ ಮಗು ನಿದ್ದೆ ಮಾಡುತ್ತಿತ್ತು. ಬಾಗಿಲ ಪಕ್ಕ ಆಗ ತಾನೇ ಅಗೆದು ತಂದ ಗೆಣಸು, ಅದರ ಮೇಲೆ ಇನ್ನೂ ಹಸಿ ಮಣ್ಣು. ಮಾರನೇ ದಿನ ಜೀಪು ಬಂದರೆ ಕೊಡಗಿನ ಕಾಫಿ ತೋಟಕ್ಕೆ ಹೋಗುವವರು ಆಕೆ. ರಾತ್ರಿ ಲಾಟೀನು ಬೆಳಕಿನಲ್ಲಿ ನಮೂನೆಗಳನ್ನು ತಿರುಗಿಸಿ ನೋಡಿದರೆ ಹೆಂಗಸರ ಹಾಳೆಗಳಲ್ಲೆಲ್ಲ ಇಲ್ಲ, ಇಲ್ಲ, ಇಲ್ಲ. ಬರೆದವಳು ನಾನೇ, ಹೆಂಗಸೇ, ಮಹಿಳಾ ಅಧ್ಯಯನ ಓದಿದವಳೇ.

ಆ ಮೊರ ನನ್ನ ಕಣ್ಣ ಮುಂದೇ ಇತ್ತು, ಆದರೂ ನನಗೆ ಕಂಡಿರಲಿಲ್ಲ. ನಿಮಗೆ ಕಾಣುತ್ತದೆ. ನೀವು ಆ ಮೊರದ ಪಕ್ಕ ಬೆಳೆದವರು. ಅಂಟುವಾಳ ಕೇಜಿಗೆ ಎಷ್ಟು, ಕಾಡಿನ ಉತ್ಪನ್ನ ಕೊಳ್ಳುವ ಲ್ಯಾಂಪ್ಸ್ ಸಹಕಾರ ಸೊಸೈಟಿಯಲ್ಲಿ ತೂಕ ಹಾಕುವವರು ಯಾರು, ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಅದನ್ನು 'ಪಕ್ಷಪಾತ' ಅಂತ ಕರೆಯುವವರು ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಒಂದು ಮಾತು ಕೇಳಿ: ಬೆಂಗಳೂರಿನವರು ಬೆಂಗಳೂರಿನ ಬಗ್ಗೆ ಬರೆದಾಗ ಯಾರಾದರೂ ಹೀಗೆ ಕೇಳುತ್ತಾರಾ?

ಈ ಜಗಳ ಹಳೆಯದು. ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯ್ ಸ್ಮಿತ್ ಸಂಶೋಧನಾ ವಿಧಾನಗಳ ಬಗ್ಗೆ 1999ರಲ್ಲಿ ಬರೆದ ಪುಸ್ತಕ ಈ ವಿಷಯದ ಬುನಾದಿ ಓದು. ಮೂಲನಿವಾಸಿ ಜನಕ್ಕೆ 'ಸಂಶೋಧನೆ' ಅನ್ನುವ ಶಬ್ದವೇ ಯಾಕೆ ನೋವು ಕೊಡುತ್ತದೆ ಅನ್ನುವಲ್ಲಿಂದ ಅವರು ಶುರು ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿ ಸಂಹಿತೆ ಮಾಡಿಕೊಂಡರು. ನಮ್ಮ ಬಗ್ಗೆ ಬರೆಯುವವರು ನಮ್ಮನ್ನು ಗೌರವಿಸಬೇಕು, ಸುಳ್ಳು ಹೇಳಬಾರದು, ಬಂದ ಲಾಭದಲ್ಲಿ ಪಾಲು ಕೊಡಬೇಕು ಅನ್ನುವಂಥ ನೇರ ಮಾತುಗಳು. ನಮ್ಮ ದೇಶದಲ್ಲಿ ವರ್ಜೀನಿಯಸ್ ಖಾಖಾ ಅವರ ಬರಹ ಹುಡುಕಿ ಓದಿ. ಅವರು ಒರಾಂವ್ ಬುಡಕಟ್ಟಿನವರು, ದೆಹಲಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವರು, ಕೇಂದ್ರ ಸರ್ಕಾರ 2013ರಲ್ಲಿ ಬುಡಕಟ್ಟುಗಳ ಸ್ಥಿತಿಗತಿ ನೋಡಲು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು. ಬುಡಕಟ್ಟುಗಳ ಅಧ್ಯಯನದಲ್ಲಿ ಹೆಂಗಸರು ಹೇಗೆ ಬರುತ್ತಾರೆ ಅಂತಲೇ 2004ರಲ್ಲಿ ಒಂದು ಲೇಖನ ಬರೆದಿದ್ದಾರೆ. 'ಆದಿವಾಸಿಗಳಲ್ಲಿ ಗಂಡು ಹೆಣ್ಣು ಸಮಾನ ಬಿಡಿ' ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರಲ್ಲ, ಆ ಮಾತನ್ನು ಅವರು ಸಲೀಸಾಗಿ ಒಪ್ಪುವುದಿಲ್ಲ. ಹತ್ತಿರದ್ದೇ ಇನ್ನೊಂದು ಹೆಸರು ಬೇಕೆಂದರೆ, ಬಿಳಿಗಿರಿರಂಗನ ಬೆಟ್ಟದ ಸಿ. ಮಾದೇಗೌಡ. ಸೋಲಿಗರು, ಸೋಲಿಗರ ಬಗ್ಗೆಯೇ ಸಂಶೋಧನೆ ಮಾಡಿದವರು. ಕಾಡಿನೊಳಗಿನ ಸೋಲಿಗರ ದೇವರ ಜಾಗಗಳ ನಕ್ಷೆ ಮಾಡಿದ ಕೆಲಸದಲ್ಲಿ ಅವರಿದ್ದರು. 2011ರಲ್ಲಿ ಆ ಹುಲಿ ಮೀಸಲು ಪ್ರದೇಶದೊಳಗೇ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಂಥ ನಕ್ಷೆ ಬರೀ ಪ್ರಬಂಧದ ಕೊನೆಯ ಅನುಬಂಧವಾಗಿ ಉಳಿಯುವುದಿಲ್ಲ, ಜನ ತಮ್ಮ ಹಕ್ಕು ಕೇಳುವಾಗ ಕೈಯಲ್ಲಿ ಹಿಡಿಯುವ ಕಾಗದವಾಗುತ್ತದೆ.

ಒಪ್ಪುತ್ತಾರಾ ಅಂದರೆ, ಒಪ್ಪುತ್ತಾರೆ. ಆದರೆ ನಿಮ್ಮವರು ಅನ್ನುವ ಒಂದೇ ಕಾರಣಕ್ಕೆ ಬರವಣಿಗೆ ಒಳ್ಳೆಯದಾಗುವುದಿಲ್ಲ. ಪ್ರಶ್ನೆ ಒಳ್ಳೆಯದಿರಬೇಕು. 'ಜೇನುಕುರುಬ ಮಹಿಳೆಯರ ಸ್ಥಾನಮಾನ: ಒಂದು ಸಮಾಜಶಾಸ್ತ್ರೀಯ ಅಧ್ಯಯನ' ಅನ್ನುವ ಶೀರ್ಷಿಕೆಯ ಪ್ರಬಂಧಗಳನ್ನು ನಾನು ಪರೀಕ್ಷಕಳಾಗಿ ಬೇಕಾದಷ್ಟು ಓದಿದ್ದೇನೆ. ಕುಟುಂಬ, ಶಿಕ್ಷಣ, ಆರೋಗ್ಯ, ಉಪಸಂಹಾರ. ಹಾಡಿಯ ಹೆಸರು ಬದಲಾಯಿಸಿದರೆ ಬೇರೆ ಜಿಲ್ಲೆಗೂ ಹೊಂದುತ್ತದೆ. ದಯವಿಟ್ಟು ಅದನ್ನು ಬರೆಯಬೇಡಿ. ನಿಮ್ಮ ಹಾಡಿಗೆ ಉತ್ತರ ಬೇಕಾಗಿರುವ ಒಂದು ಸಣ್ಣ ಪ್ರಶ್ನೆ ಹಿಡಿಯಿರಿ.

ಒಂದು ಉದಾಹರಣೆ ಕೊಡುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮದುವೆಯಾದವರಿಗೆ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಡಬೇಕು ಅಂತ ಇದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು. ಗ್ರಾಮಸಭೆಗೆ ಬಂದವರಲ್ಲೂ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಕಾನೂನು ನಮ್ಮಲ್ಲಿ ಜಾಸ್ತಿ ಇಲ್ಲ. ಹಾಗಾದರೆ ಹೋಗಿ ಕೇಳಿ: ಹಕ್ಕುಪತ್ರದಲ್ಲಿ ಹೆಸರಿರುವ ಹೆಂಗಸಿಗೆ ಆ ಹೆಸರಿನಿಂದ ಏನಾಯಿತು? ಆ ಕಾಗದ ಮನೆಯಲ್ಲಿ ಯಾರ ಪೆಟ್ಟಿಗೆಯಲ್ಲಿದೆ? ಗಂಡ ತೀರಿಹೋದ ಮೇಲೆ ಜಮೀನು ಉಳಿಯಿತಾ? ಗಂಡ ಬಿಟ್ಟುಹೋದವಳಿಗೆ? ಮದುವೆಯೇ ಆಗದವಳಿಗೆ? ಶುಂಠಿ ಬೆಳೆಯಲು ಗುತ್ತಿಗೆ ಕೊಡುವಾಗ ಅವಳನ್ನು ಕೇಳಿದರಾ? ಇಷ್ಟು ಕೇಳಲು ಮೂರು ಹಾಡಿ ಸಾಕು. ಪ್ರಬಂಧ ಚಿಕ್ಕದಾಗುತ್ತೆ ಅಂತ ಹೆದರಬೇಡಿ, ಆಳಕ್ಕೆ ಇಳಿದರೆ ಪುಟ ತಾನಾಗಿ ತುಂಬುತ್ತದೆ.

ಇಂಥ ಪ್ರಶ್ನೆ ಯಾಕೆ ಮುಖ್ಯ ಅಂತ ಕೋರ್ಟಿನ ಒಂದು ಸಂಗತಿಯಿಂದ ಹೇಳುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಪ್ಪನ ಆಸ್ತಿಯಲ್ಲಿ ಮಗಳಿಗೆ ಪಾಲು ಇದೆಯಾ ಅನ್ನುವುದನ್ನು ಆಯಾ ಸಮುದಾಯದ ರೂಢಿ ನೋಡಿ ಹೇಳುತ್ತಾರೆ. ಛತ್ತೀಸ್‌ಗಢದ ಒಂದು ಗೊಂಡ ಕುಟುಂಬದ ಪ್ರಕರಣದಲ್ಲಿ, ತಾಯಿಯ ಪಾಲು ಕೇಳಿದ ಮಕ್ಕಳಿಗೆ ಕೆಳಗಿನ ಕೋರ್ಟುಗಳು 'ಹೆಂಗಸರಿಗೆ ಪಾಲು ಕೊಡುವ ರೂಢಿ ಇದೆ ಅಂತ ನೀವು ಸಾಬೀತು ಮಾಡಿಲ್ಲ' ಅಂದವು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಪಾಲು ಕೊಡಬಾರದು ಅನ್ನುವ ರೂಢಿ ಇದೆ ಅಂತ ಯಾರೂ ತೋರಿಸಿಲ್ಲವಲ್ಲ, ಹಾಗಿದ್ದಾಗ ಹೆಣ್ಣು ಅನ್ನುವ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ಹೇಳಿತು.

ಈಗ ಯೋಚಿಸಿ. 'ರೂಢಿ' ಅಂತ ಕೋರ್ಟಿನ ಮುಂದೆ ಬರುವುದು ಏನು? ಹಳೆಯ ಗೆಜೆಟಿಯರ್, ಜಾತಿ ಬುಡಕಟ್ಟುಗಳ ದಪ್ಪ ಸಂಪುಟಗಳು, ಯಾರೋ ಹಿರಿಯರ ಸಾಕ್ಷಿ. ಅವನ್ನು ಬರೆದವರು ಬಹುಪಾಲು ಗಂಡಸರು, ಅವರು ಕೇಳಿದ್ದು ಹಾಡಿಯ ಯಜಮಾನನನ್ನು. ನಿಮ್ಮ ಅಜ್ಜಿಯನ್ನು ಕೂರಿಸಿಕೊಂಡು ನಿಮ್ಮ ಕಾಲದಲ್ಲಿ ಮಗಳಿಗೆ ಏನು ಕೊಡುತ್ತಿದ್ದರು, ಗಂಡನನ್ನು ಬಿಟ್ಟು ಬಂದವಳು ಯಾರ ಗುಡಿಸಲಿನಲ್ಲಿರುತ್ತಿದ್ದಳು ಅಂತ ಕೇಳಿ ಬರೆದವರು ಎಷ್ಟು ಮಂದಿ? ಆ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅದೇ ಕ್ಷೇತ್ರಕಾರ್ಯದಲ್ಲಿ ಒಬ್ಬ ಅಜ್ಜಿಯ ಹಾಡನ್ನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಪ್ರಬಂಧದಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು, ಪದವಿ ಬಂತು, ಕೆಲಸ ಬಂತು. ಕ್ಯಾಸೆಟ್ ನನ್ನ ಬೀರುವಿನಲ್ಲೇ ಉಳಿಯಿತು. ಹನ್ನೊಂದು ವರ್ಷ ಆದಮೇಲೆ ಅದನ್ನು ಸಿಡಿ ಮಾಡಿಸಿ ತೆಗೆದುಕೊಂಡು ಹೋದೆ. ಅಜ್ಜಿ ಇರಲಿಲ್ಲ. ಮೊಮ್ಮಗಳು ಕೂತು ಕೇಳಿದಳು. ಹಾಡಿನ ನಡುವೆ ಅಜ್ಜಿ ಒಮ್ಮೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು ಮುಂದುವರಿಸುತ್ತಾರೆ. ಆ ಕೆಮ್ಮು ಬಂದ ಕೂಡಲೇ ಹುಡುಗಿ 'ನಿಲ್ಸಿ, ಇನ್ನೊಂದ್ಸಲ ಹಾಕಿ' ಅಂದಳು. ಹಾಡು ಅವಳಿಗೆ ಬರುತ್ತಿತ್ತು. ಅವಳಿಗೆ ಬೇಕಾದದ್ದು ಆ ಕೆಮ್ಮು. ನನ್ನ ಪ್ರಬಂಧದಲ್ಲಿ ಹಾಡಿನ ಸಾಲುಗಳೆಲ್ಲ ಇದ್ದವು, ಕೆಮ್ಮು ಇರಲಿಲ್ಲ. ಹನ್ನೊಂದು ವರ್ಷ ನಾನು ಏನನ್ನು ಇಟ್ಟುಕೊಂಡಿದ್ದೆ ಅಂತ ಅವತ್ತು ಗೊತ್ತಾಯಿತು.

ಅದಕ್ಕೇ ಕೆನಡಾದ ನಿಸ್ಗಾ ಅನ್ನುವ ಮೂಲನಿವಾಸಿ ಜನರ ಸಂಗತಿ ಓದಿದಾಗ ನನಗೆ ಮೈ ಜುಮ್ ಅಂದಿತು. 1860ರ ದಶಕದಲ್ಲಿ ಒಬ್ಬ ಹೆಂಗಸು ತಮ್ಮ ಮನೆತನದ ವೀರನ ನೆನಪಿಗೆ ಕೆತ್ತಿಸಿ ನಿಲ್ಲಿಸಿದ ಸುಮಾರು 11 ಮೀಟರ್ ಎತ್ತರದ ಮರದ ಕಂಬ ಅದು. 1929ರಲ್ಲಿ ಒಬ್ಬ ಮಾನವಶಾಸ್ತ್ರಜ್ಞ ಮನೆಯವರ ಒಪ್ಪಿಗೆ ಇಲ್ಲದೆ ಅದನ್ನು ಕೊಂಡೊಯ್ದು ಸ್ಕಾಟ್ಲೆಂಡಿನ ಮ್ಯೂಸಿಯಂಗೆ ಮಾರಿದ. 2023ರಲ್ಲಿ ಅದು ವಾಪಸ್ ಬಂತು. ತರಲು ಓಡಾಡಿದವರಲ್ಲಿ ಒಬ್ಬರು ಏಮಿ ಪೇರೆಂಟ್, ಅದೇ ನಿಸ್ಗಾ ಹೆಣ್ಣುಮಗಳು, ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಈ ಪೇರೆಂಟ್ ಅವರ ಜೊತೆ ಮೂಲನಿವಾಸಿ ಜ್ಞಾನದ ಬಗ್ಗೆ ಯುನೆಸ್ಕೊ ಪೀಠವೊಂದನ್ನು ಜಂಟಿಯಾಗಿ ನಡೆಸುತ್ತಿರುವವರು ನಮ್ಮ ಸೋನಝರಿಯಾ ಮಿಂಜ್. ಅವರು ಒರಾಂವ್ ಸಮುದಾಯದವರು, ಜೆಎನ್‌ಯುನಲ್ಲಿ ಕಂಪ್ಯೂಟರ್ ವಿಜ್ಞಾನ ಪಾಠ ಮಾಡಿದವರು, ಜಾರ್ಖಂಡಿನ ಸಿದೊ ಕಾನ್ಹು ಮುರ್ಮು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ನಿಸ್ಗಾ ಜನರಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಅದಕ್ಕೇ ಕಂಬ ವಾಪಸ್ ತಂದದ್ದನ್ನು ಅವರು ತಾಯಿಮಡಿಲಿಗೆ ಮರಳಿಸುವುದು ಅನ್ನುವ ಅರ್ಥದ ಶಬ್ದದಿಂದ ಕರೆಯುತ್ತಾರೆ. ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ಎರಡೂ ಸೇರುವ ವಿಷಯ ಬೇಕು ಅಂತ ಬರೆದಿದ್ದೀರಲ್ಲ, ಆ ಕಂಬ ನಿಂತಿರುವ ಜಾಗವೇ ಅದು.

ಈ ವಿಷಯದಲ್ಲಿ ಕಷ್ಟದ ಗಂಟೊಂದು ಇದೆ. ಪಿಎಚ್.ಡಿ. ಶುರುವಾದ ಮೇಲೆ ಒಂದಲ್ಲ ಒಂದು ದಿನ ನಿಮ್ಮ ಕಾಲಿಗೆ ತೊಡರುತ್ತದೆ, ಈಗಲೇ ಹೇಳಿಬಿಡುವುದು ಒಳ್ಳೆಯದು. ಹಾಡಿಯಲ್ಲಿ ಕುಡಿತ ಇದೆ, ಹೊಡೆತ ಇದೆ, ಚಿಕ್ಕ ವಯಸ್ಸಿನ ಮದುವೆ ಇದೆ. ಬರೆದರೆ 'ನೋಡಿ, ಇವರು ಹಿಂಗೇ' ಅಂತ ಹೊರಗಿನವರು ಬೆರಳು ತೋರಿಸುತ್ತಾರೆ. ಕಾಡಿನಿಂದ ಎಬ್ಬಿಸಲು ಅದೇ ಒಂದು ನೆಪ ಆಗಬಹುದು. ಬರೆಯದಿದ್ದರೆ ಹೊಡೆತ ತಿಂದ ಅಕ್ಕನಿಗೆ ಮೋಸ ಮಾಡಿದಂತೆ. ಪಕ್ಕದ ವಯನಾಡಿನಲ್ಲಿ ನೋಡಿ, ಹದಿನೆಂಟು ತುಂಬದ ಹುಡುಗಿಯನ್ನು ತಮ್ಮ ಸಮುದಾಯದ ಪದ್ಧತಿಯಂತೆ ಮದುವೆಯಾದ ಪಣಿಯ ಬುಡಕಟ್ಟಿನ ಯುವಕರು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಜೈಲು ಸೇರಿದರು. ಬಸುರಿ ಹುಡುಗಿ ಒಬ್ಬಳೇ ಉಳಿದಳು. ಇಲ್ಲಿ ಯಾರ ಪರ ನಿಲ್ಲುತ್ತೀರಿ? ಹುಡುಗಿಗೆ ಆ ವಯಸ್ಸಿಗೆ ಮದುವೆ ಆಗಬಾರದಿತ್ತು ಅನ್ನುವುದೂ ನಿಜ. ಅವನನ್ನು ಜೈಲಿಗೆ ಹಾಕಿದ್ದರಿಂದ ಅವಳ ಹೊಟ್ಟೆ ತುಂಬಲಿಲ್ಲ ಅನ್ನುವುದೂ ನಿಜ. ನನ್ನ ಅಭಿಪ್ರಾಯ ಕೇಳಿದರೆ, ಆ ಹುಡುಗಿಯ ಪಕ್ಕದಲ್ಲಿ ಕೂತು ಬರೆಯಿರಿ. ಅವಳು ಏನು ಹೇಳುತ್ತಾಳೆ ಅಂತ ಪೊಲೀಸರೂ ಕೇಳಿರುವುದಿಲ್ಲ, ಯಜಮಾನನೂ ಕೇಳಿರುವುದಿಲ್ಲ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಹಾಡಿಯ ಹೆಂಗಸರಿಗೆ ಓದಿ ಹೇಳಿ. ಅವರು 'ಇದು ಬೇಡ' ಅಂದದ್ದನ್ನು ತೆಗೆಯಿರಿ, ಒಳ್ಳೆಯ ಅಧ್ಯಾಯ ಹಾಳಾದರೂ ಪರವಾಗಿಲ್ಲ. ಹೆಸರು, ಹಾಡಿ, ಗುರುತು ಎಲ್ಲ ಮರೆಮಾಡಿ. ಚಿಕ್ಕ ಸಮುದಾಯದಲ್ಲಿ ಬರೀ ಹೆಸರು ಬದಲಾಯಿಸಿದರೆ ಸಾಲದು, 'ಮೂರು ಹೆಣ್ಣುಮಕ್ಕಳ ತಾಯಿ, ಕೈ ಮುರಿದವಳು' ಅಂದರೆ ಎಲ್ಲರಿಗೂ ಯಾರು ಅಂತ ಗೊತ್ತಾಗಿಬಿಡುತ್ತದೆ.

ಇಂಗ್ಲಿಷ್ ವಿಷಯ. ಇದರಲ್ಲಿ ನಾನು ಸ್ವಲ್ಪ ಹಠದವಳು. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ಹೆಂಗಸರ ಮಾತನ್ನು ನಿಮ್ಮ ಜೇನುನುಡಿಯಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ಕನ್ನಡ. ನನ್ನ ಹಾಗೆ ಮೊದಲೇ ಇಂಗ್ಲಿಷಿಗೆ ತಿರುಗಿಸಿದರೆ 'ಸುಮ್ನೆ ಮನೇಲಿರ್ತೀನಿ' ಅನ್ನುವುದು 'ಗೃಹಿಣಿ' ಆಗಿ, ಆಮೇಲೆ 'ಉದ್ಯೋಗವಿಲ್ಲ' ಆಗಿ ಕಳೆದುಹೋಗುತ್ತದೆ. ಓದಲು ಮಾತ್ರ ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ದಿನಕ್ಕೆ ಎರಡು ಪುಟ, ಪೆನ್ಸಿಲ್ ಹಿಡಿದು. ಗೊತ್ತಿಲ್ಲದ ಶಬ್ದಕ್ಕೆ ಅರ್ಥ ಬರೆದುಕೊಳ್ಳುವುದಕ್ಕಿಂತ, ಆ ಪುಟದಲ್ಲಿ ಏನು ಹೇಳಿದರು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಒಂದು ವರ್ಷ ಹೀಗೆ ಮಾಡಿದವರು ಸೆಮಿನಾರಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದನ್ನು ನೋಡಿದ್ದೇನೆ.

ಹೊರದೇಶಕ್ಕೆ ಅರ್ಜಿ ಹಾಕುವುದಾದರೆ ಒಂದು ಶಬ್ದದ ಗೊಂದಲ ತಿಳಿದಿರಲಿ. ಅಲ್ಲಿ ಇದನ್ನು 'ಇಂಡಿಜಿನಸ್ ಸ್ಟಡೀಸ್' ಅನ್ನುತ್ತಾರೆ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕಿನ ಘೋಷಣೆ ಮಾಡಿದಾಗ 144 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಹಾಕಿತು. ಆದರೆ ನಮ್ಮ ದೇಶದವರೆಲ್ಲರೂ ಮೂಲನಿವಾಸಿಗಳೇ ಅನ್ನುವುದು ಭಾರತ ಸರ್ಕಾರದ ನಿಲುವು. ಹಾಗಾಗಿ ಇಲ್ಲಿನ ಕಾಗದಗಳಲ್ಲಿ ನೀವು 'ಪರಿಶಿಷ್ಟ ಪಂಗಡ', ಅಲ್ಲಿನ ಅರ್ಜಿಯಲ್ಲಿ 'ಇಂಡಿಜಿನಸ್', ಚಳವಳಿಯಲ್ಲಿ 'ಆದಿವಾಸಿ', ಮನೆಯಲ್ಲಿ ಜೇನುಕುರುಬರು. ಯಾವ ಶಬ್ದವನ್ನು ಯಾಕೆ ಬಳಸುತ್ತಿದ್ದೀರಿ ಅಂತ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬರೆದುಬಿಡಿ.

ಇನ್ನು 'ಟ್ರೈಬಲ್ ಹುಡುಗಿ'. ಇದನ್ನು ಓದಿ ನನಗೆ ಬೇಜಾರಾಯಿತು, ಯಾಕೆಂದರೆ ಇದು ಸುಳ್ಳು ಭಯವಲ್ಲ. ಸೆಮಿನಾರುಗಳಿಗೆ ಕರೆಯುತ್ತಾರೆ, ವೇದಿಕೆಯಲ್ಲಿ ಒಂದು ಹಾಡು ಹೇಳಿ ಅನ್ನುತ್ತಾರೆ. ಹೊರಗಿನಿಂದ ಬಂದ ಸಂಶೋಧಕರನ್ನು ಹಾಡಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ. ನೀವು ದುಭಾಷಿ, ನೀವೇ ದಾರಿ ತೋರಿಸುವವರು, ಕೊನೆಗೆ ಲೇಖನದಲ್ಲಿ 'ಸಹಕರಿಸಿದವರಿಗೆ ವಂದನೆ' ಅನ್ನುವಲ್ಲಿ ನಿಮ್ಮ ಹೆಸರು. ಹಾಗೆ ಕೇಳಿದಾಗ ಎರಡೇ ಮಾತು ಹೇಳಿ: ದಿನಕ್ಕೆ ಎಷ್ಟು ಕೊಡ್ತೀರಿ, ಲೇಖಕರ ಸಾಲಿನಲ್ಲಿ ನನ್ನ ಹೆಸರು ಹಾಕ್ತೀರಾ? ಕೇಳಲು ಮುಜುಗರ ಬೇಡ. ಮುಜುಗರ ಪಡಬೇಕಾದವರು ಅವರು. ಹಾಗೇ ನಿಮ್ಮ ಓದು ಒಂದೇ ಸಮುದಾಯಕ್ಕೆ ಕಟ್ಟಿಹೋಗದಂತೆ ನೋಡಿಕೊಳ್ಳಿ. ಕೂಲಿ, ಜಮೀನು, ಕಾನೂನು, ಯಾವುದಾದರೂ ಒಂದನ್ನು ಚೆನ್ನಾಗಿ ಓದಿ. ನಾಳೆ ಬಿ.ಎ. ತರಗತಿಯಲ್ಲಿ ಮಾರ್ಕ್ಸ್, ವೇಬರ್ ಪಾಠ ಮಾಡಬೇಕಾದವರು ನೀವೇ. ಅದನ್ನು ಅಂಟುವಾಳದ ಮೊರದ ಉದಾಹರಣೆ ಕೊಟ್ಟು ಮಾಡಿದರೆ ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ.

ಮಾರ್ಗದರ್ಶಕರನ್ನು ಆರಿಸುವಾಗ ಅವರ ಹೆಸರಿಗಿಂತ ಅವರ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿ. ಕೊಟ್ಟ ಅಧ್ಯಾಯವನ್ನು ಎಷ್ಟು ದಿನದಲ್ಲಿ ಓದಿ ವಾಪಸ್ ಕೊಡುತ್ತಾರೆ? ತಮ್ಮ ಪ್ರಾಜೆಕ್ಟಿಗೆ ಮಾಹಿತಿ ತರಲು ಕಳಿಸುತ್ತಾರಾ? ಮನೆಗೆಲಸ ಹೇಳುತ್ತಾರಾ? ಒಬ್ಬಳೇ ಬಾ ಅನ್ನುತ್ತಾರಾ? ಕೊನೆಯ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಲು ತಡವರಿಸಿದರೆ ಅಲ್ಲಿಗೆ ಹೋಗಬೇಡಿ. ಏನಾದರೂ ಆದರೆ ದೂರು ಕೊಡಲು ಎಲ್ಲ ವಿಶ್ವವಿದ್ಯಾಲಯದಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಸೇರಿದ ಮೊದಲ ವಾರವೇ ಅದರ ಸದಸ್ಯರ ಹೆಸರು ಗೊತ್ತು ಮಾಡಿಕೊಳ್ಳಿ.

ಅವ್ವನಿಗೆ ಏನು ಹೇಳುವುದು? ನನ್ನ ಸಲಹೆ ಇದು. ಎಂ.ಎ. ಮುಗಿದ ಕೂಡಲೇ ಕೆಸೆಟ್ ಮತ್ತು ನೆಟ್ ಎರಡನ್ನೂ ಬರೆಯಿರಿ. ನೆಟ್ ಅರ್ಜಿಗೆ ನಿಮಗೆ ಎಂ.ಎ.ಯಲ್ಲಿ 50 ಶೇಕಡಾ ಸಾಕು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30 ಇದ್ದರೂ ನಿಮಗೆ 5 ವರ್ಷ ಸಡಿಲಿಕೆ ಇದೆ, ಹಾಗಾಗಿ ಒಂದು ಸಲ ಆಗಲಿಲ್ಲ ಅಂತ ಎದೆಗುಂದಬೇಡಿ. ಎರಡು ಪ್ರಯತ್ನದಲ್ಲೂ ಫೆಲೋಶಿಪ್ ಸಿಗಲಿಲ್ಲ ಅಂದರೆ ಆಗ ಬಿ.ಎಡ್.ಗೆ ಸೇರಿ, ಅದು ಎರಡು ವರ್ಷ. ಹೈಸ್ಕೂಲ್ ಟೀಚರ್ ಆಗಿ ಸಂಬಳ ತೆಗೆದುಕೊಳ್ಳುತ್ತಾ ಅರೆಕಾಲಿಕ ಪಿಎಚ್.ಡಿ. ಮಾಡಬಹುದು, ಯುಜಿಸಿ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಅವ್ವ ಹೇಳಿದ ದಾರಿಯೂ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ.

ದಸರಾ ರಜೆಗೆ ಹಾಡಿಗೆ ಹೋಗುತ್ತೀರಲ್ವಾ? ಪ್ರಶ್ನಾವಳಿ ಏನೂ ಬೇಡ. ನಿಮ್ಮ ಅವ್ವ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದರು ಅಂತ ಒಂದು ದಿನದ್ದು ಪೂರ್ತಿ ಬರೆಯಿರಿ, ಗಂಟೆ ಹಾಕಿ. ಸಂಜೆ ಅದನ್ನು ಅವರಿಗೇ ಓದಿ ಹೇಳಿ. ಬಿಟ್ಟುಹೋದದ್ದನ್ನು ಅವರು ಸೇರಿಸುತ್ತಾರೆ, ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳಿ. ಆ ಹಾಳೆಯ ಒಂದು ಪ್ರತಿ ನನಗೆ ಕಳಿಸಿ. ನಿಮ್ಮ ಪಿಎಚ್.ಡಿ. ಪ್ರಸ್ತಾವನೆಯನ್ನು ನಾವು ಅದರಿಂದಲೇ ಶುರು ಮಾಡೋಣ.